ಹಾಲಮ್ಮನ ಆಣೆ ಬಿಡಿಸಿದ ಗಂಟಲು

ಮೊದಲು ನನ್ನ ದಡ್ಡತನವನ್ನು ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಬಂದು ನನ್ನ ಮಾನ ಕಳೆಯುವುದಕ್ಕಿಂತ ನಾನೇ ಕಳೆದುಕೊಳ್ಳುವುದು ಮೇಲು. ಆ ಕೆಲಸದಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಗುಡೇಕೋಟೆ ಆಚೆಯ ಒಂದು ಊರಿನ ಪಂಚಾಯಿತಿ ಚುನಾವಣೆ. ಮತದಾನ ಇನ್ನೇನು ಬಂತು ಎನ್ನುವಾಗ ಕುರಿ ಕಾಯುವವರ ಫೋನುಗಳಿಗೆ ಒಂದು ಆಡಿಯೊ ಹೋಯಿತು. ಅದರಲ್ಲಿ ಅಭ್ಯರ್ಥಿ ಹಾಲಮ್ಮ ತನ್ನದೇ ಧ್ವನಿಯಲ್ಲಿ ತನ್ನದೇ ಓಟುಗಳನ್ನು ಓಡಿಸಿದ್ದಳು. ಆ ಮಾತನ್ನು ಹಾಲಮ್ಮ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಆಡಿದ್ದು ಯಂತ್ರ. ಆದರೆ ಯಂತ್ರಕ್ಕೆ ಗಂಟಲು ಕೊಟ್ಟವನು ನಾನು. ಒಂದು ತಟ್ಟೆ ಮಿರ್ಚಿ ಮಂಡಕ್ಕಿ, ಎರಡು ಚಹಾ ಮತ್ತು "ನಿನ್ನಂಥ ಕಲಾವಿದ ಈ ಜಿಲ್ಲೆಯಲ್ಲೇ ಇಲ್ಲ" ಎಂಬ ಒಂದು ಮಾತು. ಇಷ್ಟಕ್ಕೆ ಕೊಟ್ಟೆ. ಚಹಾದಲ್ಲಿ ಸಕ್ಕರೆಯೂ ಕಡಿಮೆ ಇತ್ತು.

ಮೈಕು ಹಿಡಿಯುವ ಆಸೆಯಿಂದ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ನಿವೃತ್ತ ಎಂದಕೂಡಲೇ ಬಿಳಿ ಮೀಸೆ, ಉಣ್ಣೆ ಟೋಪಿ ನಿಮ್ಮ ಕಣ್ಣಿಗೆ ಬಂದರೆ ಕ್ಷಮಿಸಿ. ನನಗಿನ್ನೂ ಮೂವತ್ತು ತುಂಬಿಲ್ಲ, ಹೆಣ್ಣು ಕೊಡುವವರೂ ಸಿಕ್ಕಿಲ್ಲ. ಆದರೂ ಪ್ರಚಾರದ ಮೈಕಿನಿಂದ ನಾನು ನಿವೃತ್ತ. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಯಂತ್ರ ಬಂದು ನನ್ನನ್ನು ಎಬ್ಬಿಸಿತು ಎಂದು ಊರವರು ಹೇಳುತ್ತಾರೆ. ಎಬ್ಬಿಸಿದ್ದು ಯಂತ್ರವಲ್ಲ, ಅಂಜಿಕೆ.

ನನ್ನ ಮೇಲಧಿಕಾರಿ ಎಂದರೆ ಮಾಬಣ್ಣ. ಕೂಡ್ಲಿಗಿಯಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ. ಚುನಾವಣೆ ಬಂತೆಂದರೆ ಆಟೋ ನೆತ್ತಿಯ ಮೇಲೆ ಎರಡು ಹಾರ್ನ್ ಕಟ್ಟಿ, ಒಳಗೆ ಬ್ಯಾಟರಿಯನ್ನೂ ನನ್ನನ್ನೂ ತುರುಕಿ ಹೊರಡುತ್ತಿದ್ದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟೂ ಕಡೆ ನಮ್ಮ ಆಟೋ ಹೋಗದ ಬೀದಿಯಿಲ್ಲ. ನಿಮ್ಮದು ಯಾವ ಪಕ್ಷ ಎಂದು ಯಾರಾದರೂ ಕೇಳಿದರೆ ಮಾಬಣ್ಣ, "ಡೀಸಲ್ ಹಾಕಿಸಿದವರದು" ಎನ್ನುತ್ತಿದ್ದ. ನಾನು ದೊಡ್ಡ ನಾಯಕರ ಧ್ವನಿಯಲ್ಲಿ ಕೂಗುತ್ತಿದ್ದೆ, ಜನ ಬಾಗಿಲಿಗೆ ಬರುತ್ತಿದ್ದರು, ನನ್ನ ಹಾಳು ಮೋರೆ ನೋಡಿ ನಗುತ್ತಿದ್ದರು. ಮೋಸವಿಲ್ಲದ ಧಂದೆ. ಧ್ವನಿ ಯಾರದ್ದಾದರೂ ಮೋರೆ ನನ್ನದೇ ಎಂದು ಎಲ್ಲರಿಗೂ ಕಾಣುತ್ತಿತ್ತು.

ಮಾಬಣ್ಣ ಕಲಿಸಿದ ಮೊದಲ ಪಾಠ ಕೂಗುವುದಲ್ಲ. "ಲೇ ಕೊಟ್ರ, ಮಾತಾಡೋದು ಎಲ್ಲಾರಿಗೂ ಬರ್ತತಿ. ಮೈಕ್ ಬಂದ್ ಮಾಡೋದು ಕಲಿ ಮೊದ್ಲು."

ನಾನು ಕಲಿಯಲಿಲ್ಲ. ಇಟ್ಟಿಗಿಯಲ್ಲಿ ಒಂದು ದಿನ ಘೋಷಣೆ ಮುಗಿಸಿ, ಗುಂಡಿ ಒತ್ತಿದೆನೆಂದುಕೊಂಡು, ಮಾಬಣ್ಣನನ್ನು ನಗಿಸಲು ನಮ್ಮ ಅಭ್ಯರ್ಥಿಯದೇ ಧ್ವನಿ ತೆಗೆದೆ: "ಈ ಊರ ಮಂದಿ ನೀರು ಕೇಳ್ತಾರ, ರಸ್ತೆ ಕೇಳ್ತಾರ. ಹಿಂಗ ಕೇಳ್ಕೊಂತ ಹೋದ್ರ ನಾ ಯಾವಾಗಪಾ ಮನಿ ಕಟ್ಟಿಸೋದು?" ಎರಡೂ ಹಾರ್ನು ಅದನ್ನು ಊರಿಗೆಲ್ಲ ಹಂಚಿದವು. ಆಟೋ ಸುತ್ತ ಜನ ಸೇರಿದರು. ಯಾರೋ ಕೀಲಿ ಕಿತ್ತುಕೊಂಡರು. ಅಭ್ಯರ್ಥಿಯ ಜೀಪು ಪಕ್ಕದ ಬೀದಿಯಲ್ಲೇ ಇತ್ತು. ಅವನೇ ಆಟೋದಲ್ಲಿ ಅಡಗಿ ಕೂತಿದ್ದಾನೆಂದು ಜನರಿಗೆ ಅನುಮಾನವೇ ಉಳಿಯಲಿಲ್ಲ. ಒಬ್ಬನ ಕೈಯಲ್ಲಿ ಕಲ್ಲಿತ್ತು. ನಾನು ಇಳಿದು, ಅದೇ ಮಾತನ್ನು ಅದೇ ಧ್ವನಿಯಲ್ಲಿ ಇನ್ನೊಮ್ಮೆ ಆಡಿ ತೋರಿಸಿದೆ. ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಕಲ್ಲು ಕೆಳಗೆ ಬಿತ್ತು. ನಗದೇ ಉಳಿದವನು ಒಬ್ಬ ಮುದುಕ.

"ನಕ್ಕೋತ ಹೋಗಬ್ಯಾಡ ತಮ್ಮಾ," ಎಂದ. "ನೀ ಆಡಿದ್ದು ಅವನ ಮನಸಿನಾಗ ಇಲ್ಲ ಅಂತ ಏನು ಗ್ಯಾರಂಟಿ?"

ಆ ಚುನಾವಣೆಯಲ್ಲಿ ಇಟ್ಟಿಗಿಯ ಆ ಬೀದಿಯವರು ನಮ್ಮ ಅಭ್ಯರ್ಥಿಗೆ ಓಟು ಹಾಕಲಿಲ್ಲವಂತೆ. ಸುಳ್ಳೆಂದು ಗೊತ್ತಾದ ಮೇಲೂ ಸುಳ್ಳು ತನ್ನ ಕೆಲಸ ಮಾಡಿ ಹೋಗಿತ್ತು. ನಾನು ಅದನ್ನು ನನ್ನ ಪ್ರತಿಭೆಗೆ ಸಿಕ್ಕ ಬಹುಮಾನವೆಂದು ತಿಳಿದು ಕೊಟ್ಟೂರಿನ ಹೋಟೆಲಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಪೆನ್‌ಡ್ರೈವ್ ಬಂತು. ನಾನು ಒಮ್ಮೆ ಕೂಗಿದರೆ ಸಾಕು, ಆಟೋ ತಾನೇ ಕೂಗಿಕೊಂಡು ಹೋಗುತ್ತಿತ್ತು, ನಾನು ಹಿಂದೆ ನಿದ್ದೆ ಮಾಡುತ್ತಿದ್ದೆ. ಅದರ ಬೆನ್ನಿಗೆ ಯಂತ್ರದ ಫೋನು ಕರೆ ಬಂತು. ಹಗರಿಬೊಮ್ಮನಹಳ್ಳಿಯ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಅದನ್ನು ಮೊದಲು ಕಣ್ಣಾರೆ ಕಂಡೆ. ಚಿಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಫೋನು ಬಂತು. ದೊಡ್ಡ ನಾಯಕರೊಬ್ಬರ ಧ್ವನಿ: "ನಮಸ್ಕಾರ ಗಂಗಮ್ಮನವರೇ!" ಚಿಗವ್ವ ಮೊರ ಕೆಳಗಿಟ್ಟು ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಅಯ್ಯ ಸಾಹೇಬ್ರ! ಆರಾಮದೀರಿ? ಊಟ ಆತೇನ್ರಿ?"

"ನಮ್ಮ ಕೆಲಸಕ್ಕೆ ನಿಮ್ಮ ಬೆಂಬಲವಿದ್ದರೆ ಒಂದನ್ನು ಒತ್ತಿ," ಎಂದಿತು ಧ್ವನಿ.

ಚಿಗವ್ವ ಒತ್ತಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಚಿಗವ್ವ, ಅದು ಮಿಷನ್. ಎಲ್ಲಾರಿಗೂ ಹಂಗ ಹೆಸರು ಹಿಡಿದು ಮಾತಾಡ್ತತಿ."

"ಆಡ್ಲಿ ಬಿಡು," ಎಂದಳು ಚಿಗವ್ವ, ಸೆರಗು ಇಳಿಸದೆ. "ನಾ ಈ ಮನಿಗೆ ಬಂದು ಮೊಮ್ಮಕ್ಕಳ ಕಂಡೆ. ನಿಮ್ಮ ಕಾಕಾ ಒಂದಿನ ನನ್ನ ಹೆಸರು ಹಿಡಿದು ಕರೆದಿಲ್ಲ. ಮಿಷನ್ನಿಗಾರ ಗೊತ್ತೈತಲ್ಲ ನನ್ನ ಹೆಸರು."

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಆಟೋದಲ್ಲಿ ಕೂತು ಕೂಗಿದ ನನಗೆ ಒಬ್ಬಳು ಹೆಂಗಸೂ ಎದ್ದು ನಿಂತು ಸೆರಗು ಹೊದ್ದಿರಲಿಲ್ಲ. ಇದು ಬೀದಿಗೆ ಕೂಗುವುದಿಲ್ಲ, ಕಿವಿಗೆ ಹೇಳುತ್ತದೆ. ಕಿವಿಯಲ್ಲಿ ಹೇಳಿದ್ದಕ್ಕೆ ಪಕ್ಕದವರು ಸಾಕ್ಷಿ ಇರುವುದಿಲ್ಲ, ಸುಳ್ಳು ಅನ್ನುವವರೂ ಇರುವುದಿಲ್ಲ.

ಆ ಕರೆಗಳನ್ನು ನಮ್ಮ ಕಡೆಗೆಲ್ಲ ಹೊಂದಿಸಿ ಕೊಡುತ್ತಿದ್ದವನು ಹರಪನಹಳ್ಳಿಯ ಪ್ರವೀಣ. ಮೊದಲು ಮದುವೆಯ ಫೋಟೊ ತೆಗೆಯುತ್ತಿದ್ದ. ಈಗ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ಇಟ್ಟುಕೊಂಡು ಸತ್ತವರನ್ನು ಮಾತಾಡಿಸುತ್ತಿದ್ದ, ಬದುಕಿದ್ದವರನ್ನು ಹಾಡಿಸುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ಇದ್ದಲ್ಲಿ ಹೊಗಳಿಕೆ ಬಲು ಬೇಗ ನಾಟುತ್ತದೆ, ನೆನಪಿಡಿ.

ಇನ್ನು ಹಾಲಮ್ಮ. ಗುಡೇಕೋಟೆ ಆಚೆಯ ಆ ಗುಡ್ಡದ ಊರಿನ ಕುರಿ ಸಾಕುವ ಮನೆಯವಳು. ಗಂಡ ತೀರಿಕೊಂಡ ಮೇಲೂ ಕುರಿ ಮಾರದೆ ಮಂದೆ ಉಳಿಸಿಕೊಂಡವಳು. ಮಾತು ಕಡಿಮೆ, ಆಡಿದರೆ ಒರಟು, ಒಂದೊಂದು ಪದವನ್ನೂ ಕಲ್ಲಿನ ಮೇಲೆ ಇಟ್ಟಂತೆ ಇಡುತ್ತಿದ್ದಳು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಅವಳ ಅಣಕು ಮಾಡಿ ಜನರನ್ನು ನಗಿಸುತ್ತಿದ್ದಾಗ ಅವಳು ನನ್ನ ಬೆನ್ನ ಹಿಂದೆಯೇ ಕೂತು ಇಡ್ಲಿ ತಿನ್ನುತ್ತಿದ್ದಳು. ನಗು ಒಮ್ಮೆಲೇ ನಿಂತಾಗ ತಿರುಗಿದೆ.

"ಇಷ್ಟು ಚೆಂದ ಮಾತಾಡ್ತೀನೇನಲೇ ನಾನು?" ಎಂದಳು. "ಹಂಗಾರ ನನ್ನ ಆಟೋಕ್ಕ ನೀನ ಬಾ. ನನಗ ಮೈಕ್ ಹಿಡಿಯಾಕ ಬರಂಗಿಲ್ಲ."

ಹೀಗೆ ನಾನೂ ಮಾಬಣ್ಣನೂ ಅವಳ ಪ್ರಚಾರಕ್ಕೆ ನಿಂತೆವು. ವಿಷಯ ಸಣ್ಣದಿರಲಿಲ್ಲ. ಊರ ಹಿಂದಿನ ಗುಡ್ಡದ ಗೋಮಾಳವನ್ನು ಸೋಲಾರ್ ಕಂಪನಿಯೊಂದಕ್ಕೆ ಕೊಡಿಸಬೇಕೆಂದು ಒಬ್ಬ ಕಂಟ್ರಾಕ್ಟರ ಓಡಾಡುತ್ತಿದ್ದ. ಅದಕ್ಕೆ ಪಂಚಾಯಿತಿಯ ಒಪ್ಪಿಗೆ ಬೇಕಿತ್ತು. ಸದಸ್ಯರಲ್ಲಿ ಅರ್ಧ ಮಂದಿ ಅತ್ತ, ಅರ್ಧ ಮಂದಿ ಇತ್ತ. ಖಾಲಿ ಬಿದ್ದಿದ್ದ ಈ ಒಂದು ಸ್ಥಾನ ಅವನ ಕಡೆ ಹೋದರೆ ಗುಡ್ಡಕ್ಕೆ ಬೇಲಿ ಬೀಳುತ್ತದೆ, ಊರಿನ ಕುರಿಗಳಿಗೆ ಮೇಯಲು ಜಾಗವಿರುವುದಿಲ್ಲ. ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಕಂಟ್ರಾಕ್ಟರ ತನ್ನ ಹೆಂಡತಿಯನ್ನು ನಿಲ್ಲಿಸಿ ಫ್ಲೆಕ್ಸಿನಲ್ಲಿ ತನ್ನ ಫೋಟೊವನ್ನೇ ದೊಡ್ಡದು ಮಾಡಿಸಿದ. ಕುರಿಯವರು ಹಾಲಮ್ಮನನ್ನು ನಿಲ್ಲಿಸಿದರು.

ತೊಡಕೆಂದರೆ, ಆ ಹೊತ್ತಿಗೆ ಕುರಿಯವರಲ್ಲಿ ಬಹಳಷ್ಟು ಮಂದಿ ಊರಲ್ಲಿರುವುದಿಲ್ಲ. ಮಂದೆ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ, ಮಾಗಳದ ಕಡೆಗೆ ಹೋಗಿರುತ್ತಾರೆ. ಅಲ್ಲಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ; ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಓಟಿನ ದಿನ ಅವರು ಬಂದರೆ ಹಾಲಮ್ಮ ಗೆಲ್ಲುತ್ತಾಳೆ, ಬರದಿದ್ದರೆ ಇಲ್ಲ. ಹೊರಡುವ ಮುಂಚೆ ಅವರ ಹಿರಿಯ ಭರಮಜ್ಜ ಮೈಲಾರಲಿಂಗನ ಭಂಡಾರದ ಬಟ್ಟಲನ್ನು ಹಾಲಮ್ಮನ ಮುಂದೆ ಇಟ್ಟ. ಎಲ್ಲರೂ ಆ ಅರಿಶಿನ ಮುಟ್ಟಿ ಆಣೆ ಮಾಡಿದರು: ಓಟಿನ ದಿನ ಬರುತ್ತೇವೆ, ನಿನಗೇ ಹಾಕುತ್ತೇವೆ. ಆಣೆ ಹಾಕಿಸಿ ಓಟು ಪಡೆಯುವುದು ಕಾಯಿದೆಗೆ ವಿರುದ್ಧ. ಹಾಲಮ್ಮ ಕೇಳಿರಲಿಲ್ಲ, ನಿಜ. ಬೇಡವೆಂದೂ ಹೇಳಲಿಲ್ಲ, ಅದೂ ನಿಜ.

ಆ ಆಣೆಗೆ ಒಂದು ಕಟ್ಟಳೆ ಇದೆ. ಯಾರ ಮುಂದೆ ಆಣೆ ಮಾಡಿದರೋ ಅವರೇ ತಮ್ಮ ಬಾಯಿಂದ "ಬಿಟ್ಟೀನಿ" ಎಂದರೆ ಮಾತ್ರ ಅದು ಬಿಡುಗಡೆ. ಪೂಜಾರಿ ಹೇಳಿದರೂ ಆಗದು, ಮನೆಯವರು ಹೇಳಿದರೂ ಆಗದು. ಬಾಯಿಂದ ಎಂದರೆ ಎದುರಿಗೆ ನಿಂತು ಎಂದೇ ಹಿಂದಿನವರ ಲೆಕ್ಕ. ಆದರೆ ಸಾವಿನ ಸುದ್ದಿಯೇ ಫೋನಿನಲ್ಲಿ ಬರುವ ಕಾಲದಲ್ಲಿ ಆಣೆ ಬಿಡುವ ಮಾತು ಫೋನಿನಲ್ಲಿ ಬಂದರೆ ಯಾರು ಬೇಡ ಅನ್ನುತ್ತಾರೆ?

ಪ್ರಚಾರ ಅರ್ಧ ಮುಗಿದಿದ್ದಾಗ ಪ್ರವೀಣ ಹರಪನಹಳ್ಳಿಗೆ ಕರೆಸಿದ. "ಬಾ ಗುರು, ಕೂತ್ಕೋ. ನಿನ್ ಹಾಲಮ್ಮನ ಐಟಮ್ ಕೇಳಿದೆ, ಸೂಪರ್ ಐತೆ. ಕುರಿ ಅಜ್ಜಿ ಅಂತ ರೀಲ್ಸ್ ಮಾಡಾಣ. ಆ ಧ್ವನಿಯಾಗೆ ಒಂದಿಷ್ಟು ಓದು, ಉಳಿದಿದ್ದು ಮಿಷನ್ ನೋಡ್ಕೊಳ್ತೈತೆ." ಅವನಿಗೆ ನಾನೇ ಯಾಕೆ ಬೇಕಾಗಿತ್ತೆಂದು ಆಗ ಹೊಳೆಯಲಿಲ್ಲ. ಹಾಲಮ್ಮನ ಧ್ವನಿ ಎಲ್ಲೂ ಸಿಗುತ್ತಿರಲಿಲ್ಲ. ಅವಳು ಭಾಷಣ ಮಾಡಿದವಳಲ್ಲ, ಫೋನಿನಲ್ಲೂ "ಹೂಂ", "ಇಡು" ಎನ್ನುವುದಕ್ಕಿಂತ ಹೆಚ್ಚು ಆಡುವವಳಲ್ಲ. ಜಗತ್ತಿನಲ್ಲಿ ಹಾಲಮ್ಮನ ಧ್ವನಿಯಲ್ಲಿ ತಾಸುಗಟ್ಟಲೆ ಮಾತಾಡಬಲ್ಲವನು ನಾನೊಬ್ಬನೇ. ದಿನಪತ್ರಿಕೆ ಓದಿದೆ, ಗೊಬ್ಬರದ ಜಾಹೀರಾತು ಓದಿದೆ, ಅವನ ಮಗಳ ಶಾಲೆಯ ಪಾಠ ಓದಿದೆ. ಎಲ್ಲವನ್ನೂ ಹಾಲಮ್ಮನಾಗಿ. ಯಾರಿಗಾಗಿ ಎಂದು ಒಮ್ಮೆಯೂ ಕೇಳಲಿಲ್ಲ. ಕನ್ನಡಿ ಮುಂದೆ ಕೂತ ಗುಬ್ಬಿಯ ಹಾಗೆ ನನ್ನನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಹಾಲಮ್ಮ ಭರಮಜ್ಜನಿಗೆ ಫೋನು ಮಾಡಿ ಯಾವ ಬಸ್ಸಿಗೆ ಬರುತ್ತೀರೆಂದು ಕೇಳಿದಳು. ನಾವೆಲ್ಲ ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಪ್ರಚಾರ ಮುಗಿದಿದ್ದರಿಂದ ಮಾಬಣ್ಣ ಆಟೋದ ಹಾರ್ನು ಬಿಚ್ಚುತ್ತಿದ್ದ.

"ಯಾಕ ಬರೋದವ್ವಾ? ನೀನ ಬಿಟ್ಟೀಯಲ್ಲ," ಎಂದ ಭರಮಜ್ಜ. ಧ್ವನಿಯಲ್ಲಿ ನೋವಿತ್ತು.

"ನಾನೆಲ್ಲಿ ಬಿಟ್ಟೀನಿ?"

"ನಿನ್ನೆ ಬಿಟ್ಟೀನಿ ಅಂದಾಕಿನೂ ನೀನ. ಇವತ್ತು ಇಲ್ಲ ಅನ್ನಾಕಿನೂ ನೀನ. ಯಾವ ಹಾಲವ್ವನ್ನ ನಂಬಲಿ ನಾನು?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮಾಗಳದಲ್ಲಿದ್ದ ಒಬ್ಬ ಕುರಿಯವನು ಆ ಆಡಿಯೊವನ್ನು ಹಾಲಮ್ಮನ ಮೈದುನನಿಗೆ ಕಳಿಸಿದ. ಎಲ್ಲರೂ ಬಗ್ಗಿ ಕೇಳಿದೆವು.

"ಭರಮಣ್ಣಾ, ನಾನು ಹಾಲವ್ವ. ನೀವು ಅಷ್ಟು ದೂರದಿಂದ ಬರೋ ತ್ರಾಸು ಬ್ಯಾಡ. ಸೋತ್ರ ಸೋಲ್ತೀನಿ. ಮೈಲಾರಲಿಂಗನ ಸಾಕ್ಷಿ, ಆಣಿ ಬಿಟ್ಟೀನಿ. ಅಲ್ಲೇ ಆರಾಮ ಇರ್ರಿ."

ಮಾತಿನ ನಡುವೆ ಒಂದು ಕಡೆ ನಾಲಿಗೆ ಲೊಚಗುಟ್ಟಿದ ಸದ್ದು ಬಂತು. ಹಾಲಮ್ಮ ಎಂದೂ ಹಾಗೆ ಲೊಚಗುಟ್ಟುವುದಿಲ್ಲ. ಹೋಟೆಲಿನಲ್ಲಿ ನಗು ಹೆಚ್ಚು ಬರಲೆಂದು ನಾನು ಸೇರಿಸಿದ ಒಗ್ಗರಣೆ ಅದು. ಯಂತ್ರ ಅದನ್ನೂ ಭಕ್ತಿಯಿಂದ ಕಲಿತಿತ್ತು.

ಹಾಲಮ್ಮನ ಮೈದುನ ಕಣ್ಣೆತ್ತಿ ನನ್ನನ್ನೇ ನೋಡಿದ. "ನೀನ ಅಲ್ಲೇನಲೇ?" ಎಂದವನೇ ಅಂಗಿಯ ಕೊರಳಪಟ್ಟಿ ಹಿಡಿದ. "ಎಷ್ಟಕ್ಕ ಮಾತಾಡಿದಿ ಹೇಳು!"

"ನಾ ಆಡಿಲ್ಲ ಅಣ್ಣಾ, ಆದ್ರ ಗಂಟ್ಲ ನಂದ..." ಎಂದೆ. ಬದುಕಿನಲ್ಲಿ ಅಷ್ಟು ನಿಜವಾದ, ಅಷ್ಟು ಕೆಲಸಕ್ಕೆ ಬಾರದ ಮಾತನ್ನು ನಾನು ಇನ್ನೊಂದು ಆಡಿಲ್ಲ. ಅವನು ಕೈ ಎತ್ತಿದ. ಮಾಬಣ್ಣ ನಡುವೆ ಬಂದು ನಿಂತು ಸ್ಪ್ಯಾನರ್ ಹಿಡಿದ ಕೈಯಲ್ಲೇ ಅವನನ್ನು ತಡೆದ. "ಹೊಡಿಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ನಾಳಿ ಸಂಜಿಗೆ ಹೊಡೀರಿ. ಇವತ್ತು ಇವನ್ನ ಮಾತಾಡಾಕ ಬಿಡ್ರಿ." ನಾನು ಎಲ್ಲ ಹೇಳಿದೆ. ಮಿರ್ಚಿ ಮಂಡಕ್ಕಿಯನ್ನೂ ಬಿಡಲಿಲ್ಲ.

ಪ್ರವೀಣನಿಗೆ ಫೋನು ಮಾಡಿದೆ. "ನೋಡ್ ಗುರು, ನಾನ್ ಫೈಲ್ ಕೊಟ್ಟೆ ಅಷ್ಟೇ. ತಗೊಂಡೋರು ಏನ್ ಆಡಿಸಿದ್ರೋ ನಂಗೊತ್ತಿಲ್ಲ. ಅಷ್ಟಕ್ಕೂ ಅದು ನಿನ್ ಧ್ವನಿನೂ ಅಲ್ಲ, ಅವಳ್ದೂ ಅಲ್ಲ. ಯಾರ್ ಮೇಲೆ ಕೇಸ್ ಹಾಕ್ತೀಯ?" ಎಂದು ಇಟ್ಟುಬಿಟ್ಟ.

ದೂರು ಕೊಡಲು ಹಾಲಮ್ಮನನ್ನು ಕರೆದುಕೊಂಡು ಕೂಡ್ಲಿಗಿಗೆ ಹೋದೆವು. ಚುನಾವಣೆಯ ಕೆಲಸದಲ್ಲಿದ್ದ ಅಧಿಕಾರಿ ತಾಳ್ಮೆಯಿಂದ ಆಡಿಯೊ ಕೇಳಿದರು. "ಸುಳ್ಳು ಧ್ವನಿ ಅಂತೀರಿ, ಬರೆದು ಕೊಡಿ, ತೊಗೊತೀನಿ. ಆದರೆ ಇಲ್ಲಿ 'ಆಣೆ ಬಿಟ್ಟೀನಿ' ಅಂತ ಇದೆಯಲ್ಲ. ಯಾವ ಆಣೆ?"

ನಾವು ಮೂವರೂ ದೂರು ಬರೆಯದೆ ಎದ್ದೆವು. ಓಟಿಗಾಗಿ ಆಣೆ ಮಾಡಿದ್ದರು ಎಂದು ಹೇಳಿದರೆ ಹಾಲಮ್ಮನೇ ಸಿಕ್ಕಿಬೀಳುತ್ತಾಳೆ. ಹೇಳದಿದ್ದರೆ ಆ ಆಡಿಯೊದಲ್ಲಿ ತಪ್ಪೇನಿದೆ, ಒಬ್ಬ ಹೆಣ್ಣುಮಗಳು ಯಾರಿಗೋ ಆರಾಮ ಇರಿ ಎಂದಿದ್ದಾಳೆ ಅಷ್ಟೆ. ಕಂಟ್ರಾಕ್ಟರ ನಮ್ಮ ಬಾಯಿಯನ್ನು ನಮ್ಮದೇ ಅರಿಶಿನದಿಂದ ಮುಚ್ಚಿದ್ದ.

ಹೊರಗೆ ಬಂದ ಹಾಲಮ್ಮ ಆಟೋ ಹತ್ತಿ ಕೂತಳು. "ಮಾಗಳಕ್ಕ ಹೊಡಿ ಮಾಬಣ್ಣ."

"ಈ ಡಬ್ಬಿ ಅಲ್ಲಿತನ ಹೋಗ್ತತೇನವ್ವಾ?"

"ನಿಂದ ಡಬ್ಬಿ, ನೀನ ಹೇಳು."

ಮಾಬಣ್ಣ ಹೊಡೆದ. ಕೊಟ್ಟೂರು ದಾಟಿದೆವು. ನಾನು ಹಿಂದೆ ಅವಳ ಎದುರಿಗೆ, ಬ್ಯಾಟರಿಯ ಖಾಲಿ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಬೈದರೆ ಹಗುರಾಗುತ್ತೇನೆಂದು ಕಾದೆ. ಅವಳು ಬೈಯಲಿಲ್ಲ. ಕೊನೆಗೆ ಕೇಳಿದಳು.

"ಹೋಟೆಲಿನ್ಯಾಗ ನನ್ನ ಅಣಕಿಸಿದಾಗ ನಾ ಸಿಟ್ಟಿಗೆದ್ದೆನೇನು?"

"ಇಲ್ಲ ಅಕ್ಕಾ."

"ಯಾಕ? ನಾ ಅಲ್ಲೇ ಕುಂತಿದ್ದೆ. ತಪ್ಪು ಆಡಿದ್ರ ಅಲ್ಲ ಅನ್ನಾಕ ಬಾಯಿತ್ತು ನನಗ. ನಾ ಇಲ್ಲದ ಕಡೆ ಬಾಗ್ಲ ಹಾಕ್ಕೊಂಡು ಯಾಕ ನಾನಾದಿ?"

ನಾನು ಈ ಧಂದೆ ಬಿಟ್ಟದ್ದು ಕಾಗದದ ಮೇಲೆ ಯಾವತ್ತೋ ಇರಬಹುದು. ನಿಜವಾಗಿ ಬಿಟ್ಟದ್ದು ಅವಳು ಆ ಪ್ರಶ್ನೆ ಕೇಳಿದ ಆ ರಸ್ತೆಯಲ್ಲಿ. ಹೊಸಬರಿಗೆ ನನ್ನ ಹತ್ತಿರ ಇರುವ ಉಪದೇಶ ಇದೊಂದೇ, ಅದೂ ನನ್ನದಲ್ಲ, ಅವಳದು. ಯಾರ ಧ್ವನಿ ತೆಗೆಯುತ್ತೀರೋ ಅವರು "ಅಲ್ಲ" ಎನ್ನಲು ಸಾಧ್ಯವಿರುವ ಕಡೆ ತೆಗೆಯಿರಿ.

ಹಗರಿಬೊಮ್ಮನಹಳ್ಳಿಯ ಹತ್ತಿರ ಪೊಲೀಸರು ತಡೆದರು. ಆಟೋ ನೆತ್ತಿಯ ಮೇಲೆ ಹಾರ್ನ್ ಕಟ್ಟುವ ಕಬ್ಬಿಣ ಹಾಗೇ ಇತ್ತು. ಎಲ್ಲಿಗೆ, ಏನು, ಯಾರ ಪ್ರಚಾರ ಎಂದು ಪ್ರಶ್ನೆ. ಮಾಬಣ್ಣ "ಕುರಿ ನೋಡಾಕ ಹೊಂಟೀವ್ರಿ" ಎಂದ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಹಾಲಮ್ಮನ ಸೆರಗಿನ ಗಂಟನ್ನು ಬಿಚ್ಚಿಸಿ ನೋಡಿದರು. ದುಡ್ಡಿಲ್ಲ, ಒಂದು ಚಿಟಿಕೆ ಭಂಡಾರ. ಅಷ್ಟರಲ್ಲಿ ಒಬ್ಬ ಪೇದೆ ನನ್ನ ಗುರುತು ಹಿಡಿದ. "ಏ, ಆ ಮಿಮಿಕ್ರಿ ಹುಡುಗ ಅಲ್ಲೇನು? ನಮ್ಮ ಸಾಹೇಬ್ರ ದನಿ ಮಾಡು ನೋಡೂಣು, ಬಿಟ್ಟು ಬಿಡ್ತೀವಿ." ಸಾಹೇಬರು ಪಕ್ಕದಲ್ಲೇ ನಿಂತಿದ್ದರು, ಮುಖದಲ್ಲಿ ಬೇಡವೆಂದೂ ಇರಲಿಲ್ಲ. ಬೇರೆ ದಿನವಾದರೆ ಅವರು ಕೇಳುವ ಮೊದಲೇ ಮಾಡಿರುತ್ತಿದ್ದೆ.

"ಇವತ್ತು ಗಂಟ್ಲ ನನ್ನ ಕೈಯಾಗ ಇಲ್ರಿ ಸರ್," ಎಂದೆ.

ಅವರು ಬಹಳ ಹೊತ್ತು ನಿಲ್ಲಿಸಿಕೊಂಡರು. ಬಿಸಿಲು ಇಳಿಯತೊಡಗಿತ್ತು. ಕೊನೆಗೆ ಹಾಲಮ್ಮ ಇಳಿದು ಸಾಹೇಬರ ಮುಂದೆ ನಿಂತು, "ನನ್ನ ಮಂದಿ ಮಾಗಳದಾಗ ಅದಾರ್ರಿ, ಮುಖ ತೋರಿಸಿ ಬರ್ತೀನಿ," ಎಂದಳು. ಅಷ್ಟೇ ಮಾತು. ಅವರು ಕೈ ಬೀಸಿದರು.

ಮಾಗಳದಲ್ಲಿ ಹೊಳೆಯ ಬದಿಯ ಗದ್ದೆಯೊಂದರಲ್ಲಿ ಮಂದೆ ಇತ್ತು. ಬಲೆಯ ಬೇಲಿ ಕಟ್ಟುತ್ತಿದ್ದರು. ಕುರಿಯವರ ನಾಯಿ ನಮ್ಮತ್ತ ನುಗ್ಗಿತು. ಕಥೆಗಳಲ್ಲಿ ಆಗುವಂತೆ ಅದು ಹಾಲಮ್ಮನ ಕಾಲು ನೆಕ್ಕಿ ಅವಳೇ ನಿಜವಾದವಳೆಂದು ಸಾರುತ್ತದೆ ಎಂದು ನಾನು ಆಸೆಪಟ್ಟೆ. ಅದು ಹಾಲಮ್ಮನಿಗೆ ಬೊಗಳಿ, ದಾರಿಯಲ್ಲಿ ಬನ್ನು ತಿಂದಿದ್ದ ಮಾಬಣ್ಣನ ಕೈ ನೆಕ್ಕಿತು.

ಭರಮಜ್ಜ ಕಂಬಳಿ ಹೊದ್ದು ನಿಂತಿದ್ದ. ಬಾ ಎನ್ನಲಿಲ್ಲ. ಉಳಿದವರು ಅವನ ಹಿಂದೆ ಬಂದು ನಿಂತರು.

"ಅದು ನಾನಲ್ಲ ಭರಮಣ್ಣಾ," ಎಂದಳು ಹಾಲಮ್ಮ.

"ದನಿ ನಿಂದೈತಿ."

ಈಗ ನನ್ನ ಸರದಿ. ಇಟ್ಟಿಗಿಯಲ್ಲಿ ಪ್ರಾಣ ಉಳಿಸಿದ ಉಪಾಯವನ್ನೇ ಮಾಡಿದೆ. ಮುಂದೆ ಬಂದು, ಹೇಗಾಯಿತೆಂದು ಎಲ್ಲ ಹೇಳಿ, ಹಾಲಮ್ಮನ ಪಕ್ಕದಲ್ಲೇ ನಿಂತು ಅವಳ ಧ್ವನಿಯಲ್ಲಿ ನಾಲ್ಕು ಮಾತಾಡಿದೆ. ಲೊಚಗುಟ್ಟಿಯೂ ತೋರಿಸಿದೆ. ಯಾರೂ ನಗಲಿಲ್ಲ. ಒಬ್ಬ ಹೆಂಗಸು ಹಾಲಮ್ಮನ ಬಾಯಿಯನ್ನೂ ನನ್ನ ಬಾಯಿಯನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು, ದೆವ್ವ ಕಂಡವರ ಹಾಗೆ.

ಮೀಸೆ ಮೂಡುತ್ತಿದ್ದ ಒಬ್ಬ ಕುರಿಯವನು ಕೇಳಿದ. "ಹಂಗಾರ ಬೆಳಿಗ್ಗೆ ಫೋನ್ ಮಾಡಿದಾಕಿ ಯಾರು? ಅದೂ ಇವನ ಇರಬೇಕು."

"ಅಲ್ಲೋ, ಅದು ನಾನ!" ಎಂದಳು ಹಾಲಮ್ಮ.

"ಅಂತ ನೀವಿಬ್ರೂ ಹೇಳ್ತೀರಿ," ಎಂದ ಅವನು.

ಸುಳ್ಳನ್ನು ಬಿಚ್ಚಿ ತೋರಿಸಲು ಹೋಗಿ ನಿಜಕ್ಕೂ ತೂತು ಹಾಕಿದ್ದೆ. ಮಾಬಣ್ಣ ನನ್ನ ಕಿವಿಯಲ್ಲಿ, "ಈಗಾರ ಮೈಕ್ ಬಂದ್ ಮಾಡಲೇ," ಎಂದ.

ಭರಮಜ್ಜ ಕೆಮ್ಮಿ, ಹೊಳೆಯ ಕಡೆ ನೋಡುತ್ತ ಹೇಳಿದ. "ಖರೇ ಹೇಳ್ತೀನವ್ವಾ. ಆ ಮಾತು ಕೇಳಿದಾಗ ನನಗ ನೋವೂ ಆತು, ಒಳಗೊಳಗ ಹಗುರನೂ ಆತು. ಈ ಹೊಲದವನಿಗೆ ಇನ್ನೂ ನಾಕು ದಿನ ಕುರಿ ನಿಲ್ಲಸ್ತೀವಿ ಅಂತ ಒಪ್ಕೊಂಡೀವಿ. ಮಂದಿ ಊರಿಗೆ ಹೋದ್ರ ಇವನ್ನ ಯಾರು ಕಾಯ್ತಾರ? ಆಣಿ ಐತಿ ಅಂತ ಬರಬೇಕಿತ್ತು. ಬಿಟ್ಟೀನಿ ಅಂತ ಬಂತು, ಹೂಂ ಅಂದೆ. ದನಿ ನಿಂದ ಅಲ್ಲ ಅಂತ ಅನಸಿದ್ರೂ ಅನಸಿಲ್ಲ ಅಂದ್ಕೊಂಡೆ."

ಯಂತ್ರದ ಬಗ್ಗೆ ದೊಡ್ಡ ಊರಿನವರು ಬರೆಯುವುದನ್ನೆಲ್ಲ ನಾನು ಈಗ ಓದುತ್ತೇನೆ. ಅದು ಹೇಗೆ ಧ್ವನಿ ಕಲಿಯುತ್ತದೆ, ಹೇಗೆ ಮುಖ ಕಟ್ಟುತ್ತದೆ ಎಂದೆಲ್ಲ ಬರೆಯುತ್ತಾರೆ. ಭರಮಜ್ಜ ಹೇಳಿದ್ದನ್ನು ಯಾರೂ ಬರೆದಿಲ್ಲ. ನಾವು ಕೇಳಬೇಕೆಂದಿದ್ದನ್ನೇ ಅದು ಹೇಳಿದಾಗ ನಮ್ಮ ಕಿವಿಯೂ ಅದರ ಜೊತೆ ಸೇರಿಕೊಳ್ಳುತ್ತದೆ.

ಹಾಲಮ್ಮ ಸೆರಗಿನ ಗಂಟು ಬಿಚ್ಚಿದಳು. ಆ ಭಂಡಾರವನ್ನು ಅಂಗೈಯಲ್ಲಿ ಹಿಡಿದು ಮತ್ತೆ ಆಣೆ ಮಾಡಿಸುತ್ತಾಳೆಂದು ನಾನೂ ಮಾಬಣ್ಣನೂ ಅಂದುಕೊಂಡೆವು. ಅವಳು ಭರಮಜ್ಜನ ಎದುರಿಗೆ ಹೋಗಿ ಅವನ ಹಣೆಗೆ ಹಚ್ಚಿದಳು. ಪಕ್ಕದವನಿಗೆ ಹಚ್ಚಿದಳು. ಹಿಂದೆ ಸರಿದಿದ್ದ ಹೆಂಗಸಿಗೂ, ಮೀಸೆ ಮೂಡುತ್ತಿದ್ದವನಿಗೂ ಹಚ್ಚಿದಳು.

"ಇನ್ನ ಮ್ಯಾಲೆ ಫೋನಿನ್ಯಾಗ ಬಂದಿದ್ದು ಯಾವುದೂ ನನ್ನ ಮಾತಲ್ಲ," ಎಂದಳು. "ಇದು ನನ್ನ ಮಾತು, ನನ್ನ ಬಾಯಿ, ನೋಡ್ಕೊರಿ. ಆಣಿ ಬಿಟ್ಟೀನಿ."

ಅಷ್ಟು ದೂರದಿಂದ, ಪೊಲೀಸರನ್ನು ದಾಟಿ, ಬೀಳುವಂಥ ಡಬ್ಬಿಯಲ್ಲಿ ಕೂತು ಬಂದು, ಕಂಟ್ರಾಕ್ಟರನ ಯಂತ್ರ ಹೇಳಿದ್ದನ್ನೇ ಈ ಹೆಂಗಸು ನಿಜ ಮಾಡಿಬಿಟ್ಟಳಲ್ಲ! ಮಾಬಣ್ಣ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಬಲೆ ಹಿಡಿದಿದ್ದವರ ಕೈ ಹಾಗೇ ನಿಂತಿತು.

"ಯಾಕವ್ವಾ?" ಎಂದ ಭರಮಜ್ಜ.

"ಆಣಿಗೆ ಅಂಜಿ ಬಂದವರನ್ನ ಇನ್ನೊಂದು ದನಿ ಬಂದು ಹಿಂದಕ್ಕ ಕಳಸ್ತತಿ. ನನಗ ಅಂಥ ಓಟು ಬ್ಯಾಡ. ಗುಡ್ಡ ಉಳದ್ರ ನಿಮಗ ಉಳೀತು, ಹೋದ್ರ ನಿಮಗ ಹೋತು. ಬರ್ರಿ ಅಂತನೂ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ನಾ ಬಿಟ್ಟೀನಿ."

ಅವಳು ತಿರುಗಿ ಆಟೋದ ಕಡೆ ನಡೆದಳು. ನಾನು ಅವಳ ಮುಂದೆ ಓಡಿ, ಹಿಂದಿನವರನ್ನು ನೋಡಿ, ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಮಾಬಣ್ಣ ನನ್ನ ತೋಳು ಹಿಡಿದು ಜಗ್ಗಿದ. ಹಾಲಮ್ಮ ಒಂದು ಕಾಲು ಆಟೋದೊಳಗೆ ಇಟ್ಟಿದ್ದಳು. ಆಗ ಭರಮಜ್ಜ ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡು, ಮಂದೆಗೆಲ್ಲ ಕೇಳುವಂತೆ ಕೂಗಿ ಹೇಳಿದ:

"ನೀ ಬಿಟ್ರ ಆತೇನವ್ವಾ? ಕುರಿ ಬಿಡಬೇಕಲ್ಲ ನಮ್ಮನ್ನ! ಗುಡ್ಡ ಹೋದ್ರ ಇವು ಎಲ್ಲಿ ಮೇಯಬೇಕು? ನಾಳಿ ಓಟಿನ ಬಾಗ್ಲ ಎಷ್ಟೊತ್ತಿಗೆ ತೆಗೀತಾರ, ಅಷ್ಟು ಹೇಳಿ ಹೋಗು."